ಸಾರವಾಡದವನ ತೂಕ

ಅಥವಾ ಆ ಮಾತನ್ನು ಮೊದಲು ಆಡಿದವನು ನಾನೇ ಇರಬಹುದು. ಇಷ್ಟು ದಿನ ಅದು ಸಾವಕಾರರ ಬಾಯಿಂದ ಬಂದದ್ದೆಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅವರ ದನಿ, ಅವರು ಕೈ ಬೀಸುವ ರೀತಿ ಎರಡೂ ಅದಕ್ಕೆ ಅಂಟಿಕೊಂಡಿವೆ. ಆದರೆ ಮೊನ್ನೆ ಟಿಕೋಟಾದಿಂದ ಬಸ್ಸಿನಲ್ಲಿ ಬರುವಾಗ, ಕಿಟಕಿಯ ಗಾಜು ಕಟಕಟ ಅಲ್ಲಾಡುತ್ತಿದ್ದಾಗ, ಅದೇ ಮಾತು ನನ್ನ ದನಿಯಲ್ಲಿ ಕೇಳಿಸಿತು: "ಹುಡುಗ ಭಾಳ ಹಗುರ ಅದಾನ." ಆ ನೆನಪಿನಲ್ಲಿ ನಾನು ಟೇಲರ್ ಚಾಚಾರ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತಿದ್ದೆ. ಕೈಯಲ್ಲಿ ಚಹಾದ ಗ್ಲಾಸಿತ್ತು. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿತ್ತು. ಹಸಿರು ಬಟ್ಟೆ ಅಲ್ಲಿ ಎಂದೂ ಇರಲಿಲ್ಲ, ಮೊದಲಿನಿಂದಲೂ ಕರಿಯದೇ ಎಂದು ಚಾಚಾ ಹೇಳುತ್ತಾರೆ. ಬಟ್ಟೆಯ ಬಣ್ಣವೇ ತಪ್ಪಿದ್ದರೆ ದನಿ ಸರಿ ಇದೆ ಎಂದು ಹೇಗೆ ನಂಬಲಿ?

ಮಾತು ಯಾರ ಬಗ್ಗೆ ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. ಸಾರವಾಡದ ಹುಡುಗನ ಬಗ್ಗೆ. ಕಬಡ್ಡಿಯಲ್ಲಿ ಆಟಗಾರನಿಗೆ ಊರ ಹೆಸರೇ ಹೆಸರು. ಅವನ ಅಪ್ಪ ಅವ್ವ ಇಟ್ಟ ಹೆಸರು ನಮಗೆ ಗೊತ್ತಿತ್ತು, ಕರೆಯುತ್ತಿರಲಿಲ್ಲ. "ಬಾರಲೇ ಸಾರವಾಡ" ಎಂದರೆ ಬರುತ್ತಿದ್ದ. ವಿಜಯಪುರದ ಒಂದು ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದ. ಬೆಳಿಗ್ಗೆ ಸಾರವಾಡದಿಂದ ಬಸ್ಸಿಗೆ ಬಂದು, ಸಂಜೆ ಆಟ ಮುಗಿಸಿ ತಿರುಗಿ ಬಸ್ಸಿಗೆ ಹೋಗುತ್ತಿದ್ದ. ಆ ವರ್ಷ ದೊಡ್ಡ ಲೀಗ್‌ನವರು ಕಾಲೇಜು ಆಟಗಾರರ ಒಂದು ಯಾದಿ ಮಾಡುವವರಿದ್ದರು. ಮೊದಲು ಪುಣೆಯಲ್ಲಿ ಟ್ರಯಲ್ಸ್, ಆಮೇಲೆ ಆಯ್ಕೆ. ತಂಡಗಳು ಆ ಯಾದಿಯಿಂದ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹೊಸಬರ ಯಾದಿಗೆ ವಯಸ್ಸಿನ ಮಿತಿ ಇತ್ತು, ಅವನಿಗೆ ಅದೇ ಕೊನೆಯ ಸಲ. ಅಲ್ಲಿ ಹೆಸರು ಬಂದರೆ ಟಿವಿಯಲ್ಲಿ, ಚಾಪೆಯ ಅಂಗಳದಲ್ಲಿ ಆಡುತ್ತಾನೆ. ಬರದಿದ್ದರೆ ನಮ್ಮ ಕಡೆಯ ಮಣ್ಣಿನ ಅಂಗಳಗಳೇ ಗತಿ. ಇದು ಅವನ ಎದುರಿಗಿದ್ದ ಲೆಕ್ಕ. ನಮ್ಮ ಎದುರಿಗೆ ಏನಿತ್ತು? ಸಂಜೆಯ ಹರಟೆ ಇತ್ತು.

ನಾನು ಟಿಕೋಟಾದ ಕಾಲೇಜೊಂದರಲ್ಲಿ ಗಣಿತ ಹೇಳುತ್ತೇನೆ. ಮನೆ ವಿಜಯಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಟೇಲರ್ ಚಾಚಾರ ಅಂಗಡಿ. ವಯಸ್ಸಿನಲ್ಲಿ ಚಾಚಾ ಕಬಡ್ಡಿ ಆಡಿದವರು. ಅದರ ಗುರುತಾಗಿ ಎಡಗೈಯ ಕಿರುಬೆರಳು ಸೊಟ್ಟಗಿದೆ. ಈಗ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾರೆ. ಅದರ ಜೊತೆಗೆ ಕಬಡ್ಡಿ ಜರ್ಸಿಗಳ ರಿಪೇರಿ. ರೇಡಿಗೆ ಹೋದವನನ್ನು ನಾಲ್ಕು ಜನ ಹಿಡಿದು ಎಳೆದಾಗ ಜರ್ಸಿಯ ಬಗಲಿನ ಹೊಲಿಗೆ ಮೊದಲು ಬಿಚ್ಚುತ್ತದೆ. ಚಾಚಾ ಅಲ್ಲಿ ಮೂರು ಸಾಲು ಹೊಲಿಗೆ ಹಾಕುತ್ತಾರೆ, ಅದು ಬಿಚ್ಚುವುದಿಲ್ಲ. ಹಾಗಾಗಿ ಸುತ್ತಲಿನ ತಂಡಗಳೆಲ್ಲ ಅಲ್ಲಿಗೇ ಬರುತ್ತವೆ. ತಂಡಗಳು ಬಂದಲ್ಲಿ ನಮ್ಮಂಥವರೂ ಬರುತ್ತೇವೆ.

ಆಯ್ಕೆಗೆ ಎರಡು ಮೂರು ತಿಂಗಳಿರುವಾಗಲೇ ನಾವು ನಮ್ಮದೇ ಯಾದಿ ಮಾಡತೊಡಗಿದೆವು. ಮೇಜಿಗೆ ಹಾಸಿದ ಬಟ್ಟೆಯ ಒಂದು ಮೂಲೆಯಲ್ಲಿ, ಅಳತೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ, ಯಾವ ಹುಡುಗ ಮೊದಲು, ಯಾವನು ಎರಡನೆಯವನು ಎಂದು ಬರೆಯುವುದು. ಮರುದಿನ ಚಾಚಾ ಕೆಲಸಕ್ಕೆ ಕೂರುವ ಮುಂಚೆ ಕೈಯಿಂದ ಒರಸಿಬಿಡುವುದು. ಸಂಜೆ ಮತ್ತೆ ಹೊಸದಾಗಿ ಬರೆಯುವುದು, ಮತ್ತೆ ಜಗಳ. ಒಂದು ದಿನದ ಯಾದಿಯೂ ಉಳಿದಿಲ್ಲ. ಫೋಟೋ ತೆಗೆದಿಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಸಾರವಾಡದವನು ಒಮ್ಮೆ ನಾಲ್ಕನೆಯವನಾಗಿದ್ದ, ಒಮ್ಮೆ ಏಳನೆಯವನು. ಮೊದಲನೆಯವನೂ ಆಗಿದ್ದ ಅನ್ನಿಸುತ್ತದೆ. ಇರಲಿಕ್ಕಿಲ್ಲ.

ಸಾವಕಾರರೆಂದರೆ ಟಿಕೋಟಾದ ಒಣದ್ರಾಕ್ಷಿ ವ್ಯಾಪಾರಿ. ಪೇಟೆಯ ಕೆಲಸಕ್ಕೆಂದು ವಿಜಯಪುರಕ್ಕೆ ಬಂದವರು ಅಂಗಡಿಯ ಒಂದೇ ಒಂದು ಕುರ್ಚಿಯನ್ನು ಹಿಡಿದುಬಿಡುತ್ತಿದ್ದರು. ಮೊಬೈಲಿನ ತುಂಬ ಕಬಡ್ಡಿ ವಿಡಿಯೊ. ಯಾದಿಯ ವಿಚಾರದಲ್ಲಿ ಚಾಚಾರಿಗೂ ಅವರಿಗೂ ಒಂದು ದಿನವೂ ಕೂಡಿಬರಲಿಲ್ಲ. ಅವರಿಗೆ ಸಾರವಾಡದವನು ಮೇಲಿರಬೇಕು, ಚಾಚಾರಿಗೆ ಕೊಲ್ಲಾಪುರದ ಒಬ್ಬ ಹುಡುಗ.

"ಕೊಲ್ಲಾಪುರದವನ್ನ ಮ್ಯಾಲ ಬರದೀರಲ್ಲ ಚಾಚಾ, ನಿಮ್ಮ ಕಣ್ಣಿಗೆ ಪೊರಿ ಬಂದೈತಿ."

"ಪೊರಿ ಬಂದ್ರೂ ಸೂಜ್ಯಾಗ ದಾರ ನಾನ ಏರಸ್ತೇನಿ. ನೀವು ಏರಸ್ರಿ ನೋಡೂಣು."

"ಅಂವಾ ರೇಡಿಗೆ ಹೋಗೂದಂದ್ರ ಬೀಗರ ಮನಿಗೆ ಹೋದಂಗ್ರಿ. ನಿಂತು, ಎಲ್ಲಾರ್ನೂ ಮಾತಾಡಿಸಿ, ಬರಿಗೈಲೆ ಬರ್ತಾನ."

"ಬರಿಗೈಲೆ ಆದ್ರೂ ತಿರುಗಿ ಬರ್ತಾನಲ್ಲ ಭಾಯಿ! ನಿಮ್ಮ ಸಾರವಾಡ ಒಮ್ಮೊಮ್ಮಿ ಅಲ್ಲೇ ಮಲಕೊಂಡ ಬಿಡ್ತಾನ."

"ಮಲಗ್ತಾನ? ಈ ವಿಡಿಯೊ ನೋಡ್ರಿಲ್ಲೆ. ಏ ಸರ್ರ, ನೀವೂ ಬರ್ರಿ. ನೋಡ್ರಿ ಹೆಂಗ ನುಸುಳ್ಯಾನ!"

ಆ ವಿಡಿಯೊ ಈಗಲೂ ನನ್ನ ಮೊಬೈಲಿನಲ್ಲಿದೆ. ಹನ್ನೊಂದು ಸೆಕೆಂಡಿನದು. ಮೂವರು ಹಿಡಿಯುವವರು ಕೈ ಕೈ ಜೋಡಿಸಿ, ಸರಪಳಿಯಂತೆ ಆಗಿ, ಸಾರವಾಡದವನನ್ನು ಅಂಗಳದ ಮೂಲೆಗೆ ಒತ್ತಿದ್ದಾರೆ. ಇನ್ನೇನು ಮುಗಿಯಿತು ಅನ್ನುವಾಗ ಅವನು ಕುಸಿಯುತ್ತಾನೆ. ಬಿದ್ದ ಎಂದುಕೊಳ್ಳುತ್ತೇವೆ. ಬಿದ್ದಿರುವುದಿಲ್ಲ. ಎದೆ ನೆಲಕ್ಕೆ ಒಂದು ಗೇಣು ಉಳಿಸಿಕೊಂಡು, ಜೋಡಿಸಿದ ಕೈಗಳ ಕೆಳಗಿನಿಂದ, ಬೇಲಿ ಕೆಳಗೆ ಬೆಕ್ಕು ನುಸುಳುವ ಹಾಗೆ ಆಚೆ ಬಂದು ನಡುಗೆರೆ ಮುಟ್ಟುತ್ತಾನೆ. ಇದಕ್ಕೆ ಡುಬ್ಕಿ ಎನ್ನುತ್ತಾರೆ. ಎಲ್ಲರೂ ಮಾಡುತ್ತಾರೆ, ಅವನ ಹಾಗೆ ಯಾರೂ ಮಾಡುವುದನ್ನು ನಾನು ಕಂಡಿಲ್ಲ. ಅವನ ಇಡೀ ಆಟ ಅದೊಂದರ ಮೇಲೆ ನಿಂತಿತ್ತು. ಬೇರೆ ಏನಿತ್ತು? ಸ್ವಲ್ಪ ವೇಗವಿತ್ತು, ಒಳ್ಳೆಯ ಉಸಿರಿತ್ತು.

ಅಂದು ಸಾವಕಾರರು ವಿಡಿಯೊ ಮೂರು ಸಲ ತೋರಿಸಿದ ಮೇಲೆ ಹರಿಯಾಣ ಕಡೆಯ ಯಾವನೋ ಒಬ್ಬನ ವಿಡಿಯೊ ತಾನಾಗಿ ಶುರುವಾಯಿತು. ಅವನು ಹಿಡಿಯುವವನು. ರೇಡಿಗೆ ಬಂದವನನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ ಹೊರಗೆ ಇಟ್ಟ. ಎಸೆಯಲಿಲ್ಲ. ಚೀಲ ಇಳಿಸಿದ ಹಾಗೆ ಇಟ್ಟ. 

"ತೊಡಿ ನೋಡ್ರಿ ಅವನವು," ಚಾಚಾ ಅಂದರು. "ಪ್ಯಾಂಟಿನ ಬಟ್ಟಿ ಸಾಲೂದಿಲ್ಲ ಅವಂಗ."

ಆಗ ಯಾರೋ ಆ ಮಾತು ಹೇಳಿದರು. ಹುಡುಗ ಭಾಳ ಹಗುರ ಅದಾನ. ಅಲ್ಲಿ ಹೋದ್ರ ಇಂಥವರು ಎತ್ತಿ ಒಗೀತಾರ. ನಾನು, ಸಾವಕಾರರು, ಚಾಚಾ ಇದ್ದೆವು. ಬಬಲೇಶ್ವರದ ಮಾಸ್ತರರೂ ಇದ್ದರು ಎಂದು ಚಾಚಾ ಹೇಳುತ್ತಾರೆ, ಬಾಗಿಲಲ್ಲಿ ನಿಂತು ಚಪ್ಪಲಿ ಕಳಚುತ್ತಿದ್ದರಂತೆ. ತಾನು ಅಂದು ಬಂದೇ ಇರಲಿಲ್ಲ ಎಂದು ಮಾಸ್ತರರು ದೇವರ ಆಣೆ ಮಾಡುತ್ತಾರೆ. ಅವರು ಸಾರವಾಡದವನಿಗೆ ಹೈಸ್ಕೂಲಿನಲ್ಲಿ ಕಬಡ್ಡಿ ಕಲಿಸಿದ ಪಿ.ಟಿ. ಮಾಸ್ತರರು. ಈಗ ನಿವೃತ್ತರು. ಆಣೆ ಮಾಡುವ ಮನುಷ್ಯನಲ್ಲ. ಅಷ್ಟು ಒತ್ತಿ ಹೇಳುವುದಕ್ಕೆ ಅವರಿಗೂ ಏನೋ ಕಾರಣವಿರಬೇಕು.

ಮಾತು ಯಾರದೇ ಇರಲಿ, ಅದರ ಮುಂದಿನದು ನಮ್ಮೆಲ್ಲರದು. ತೂಕ ಕಡಿಮೆಯೇ? ಏರಿಸೋಣ. ಬೇರೆ ಊರಿನವರು ಡಾಕ್ಟರನ್ನು ಕೇಳುತ್ತಿದ್ದರೇನೋ, ಜಿಮ್ಮಿಗೆ ಕಳಿಸುತ್ತಿದ್ದರೇನೋ. ನಾವು ಊಟಕ್ಕೆ ಕರೆದೆವು. ಮಂಗಳವಾರ ನಮ್ಮ ಮನೆ. ಶುಕ್ರವಾರ ಚಾಚಾರ ಮನೆ. ರವಿವಾರ ಟಿಕೋಟಾದಲ್ಲಿ ಸಾವಕಾರರ ಮನೆ. ಉಳಿದ ದಿನ ಹಾಲಿನಲ್ಲಿ ನೆನೆಸಿ ತಿನ್ನಲಿಕ್ಕೆ ಸಾವಕಾರರು ಕೊಟ್ಟ ಒಂದು ಡಬ್ಬಿ ಒಣದ್ರಾಕ್ಷಿ. ಇದನ್ನೂ ಬಟ್ಟೆಯ ಮೇಲೆ ಸುಣ್ಣದ ಬಿಲ್ಲೆಯಿಂದಲೇ ಬರೆದೆವು. ಸಾರವಾಡದವನು ಅದೇ ಹೊತ್ತಿಗೆ ಜರ್ಸಿ ಒಯ್ಯಲು ಬಂದ. ಬರೆದದ್ದನ್ನು ಓದಿದ.

"ಇದೇನ್ರಿ ಚಾಚಾ, ಟೈಂ ಟೇಬಲ್?"

"ನಿಂದಲೇ. ಸಾಲಿ ತಪ್ಪಿಸಿದಂಗ ಇದನ್ನ ತಪ್ಪಿಸಬ್ಯಾಡ."

ಅವನು ನಕ್ಕ. ನಕ್ಕದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಸ್ಪಷ್ಟವಾಗಿ ನೆನಪಿರುವುದರ ಮೇಲೆಯೇ ನನಗೆ ಈಗ ಹೆಚ್ಚು ಸಂಶಯ.

ಮಾಸ್ತರರು ಮಾತ್ರ ಕೇಳಿದ ದಿನವೇ ಸಿಟ್ಟಿಗೆದ್ದರು. "ಅವಂಗ ಕೊಬ್ಬು ಏರಸ್ತೀರಿ, ಮೈ ಏರಸೂದಿಲ್ಲ ನೀವು. ಏನ ಕುರಿ ಮೇಯಿಸಾಕತ್ತೀರೇನು?" ಎಂದರು. ಸಾವಕಾರರು ಬಿಡಲಿಲ್ಲ. "ನಿಮ್ಮ ಬಬಲೇಶ್ವರದಾಗ ಬರೇ ಗಾಳಿ ತಿನ್ನಿಸಿ ಆಡಸ್ತಿದ್ರಿ ಮಾಸ್ತರ್ರ. ಈಗ ಉಣ್ಣಲಿ ಬಿಡ್ರಿ." ಕೊನೆಗೆ ಮಾಸ್ತರರು ಒಂದು ಶರತ್ತಿಗೆ ಒಪ್ಪಿದರು: ಉಣ್ಣಿಸುವುದು ನೀವು ಉಣ್ಣಿಸಿರಿ, ಬೆವರಿಳಿಸುವುದು ನನ್ನ ಕೆಲಸ. ವಾರಕ್ಕೆ ನಾಲ್ಕು ದಿನ ನಸುಕಿನ ಬಸ್ಸಿಗೆ ಬಂದು ಭೂತನಾಳ ಕೆರೆಯ ದಂಡೆಯ ಮೇಲೆ ಅವನನ್ನು ಓಡಿಸುತ್ತಿದ್ದರು, ದಂಡ ಮತ್ತು ಕೂತೇಳುವ ಬೈಠಕ್ ಹೊಡೆಸುತ್ತಿದ್ದರು. ಈ ದಂಡ ಬೈಠಕ್‌ಗಳನ್ನು ಮರೆಯಬಾರದು. ಮುಂದೆ ಬರುತ್ತವೆ.

ನಮ್ಮ ಮನೆಯ ಮೊದಲ ಮಂಗಳವಾರ. ನನ್ನ ಹೆಂಡತಿ ಮಾದಲಿ ಮಾಡಿದ್ದಳು: ಗೋಧಿಯದು, ಬೆಲ್ಲ, ಗಸಗಸೆ, ಕೊಬ್ಬರಿ ಎಲ್ಲ ಹಾಕಿ, ಮೇಲೆ ಬಿಸಿ ಹಾಲು, ತುಪ್ಪ. ಜೊತೆಗೆ ಬದನೆಕಾಯಿ ಎಣಗಾಯಿ, ರೊಟ್ಟಿ, ಶೇಂಗಾ ಹಿಂಡಿ. ಅವನು ಕೈಕಾಲು ತೊಳೆದು ಬಂದು ಗೋಡೆಗೆ ಬೆನ್ನು ತಾಗದ ಹಾಗೆ ಕುಳಿತ. ಒಂದು ಸಲ ಮಾದಲಿ ಬಡಿಸಿಕೊಂಡ. ಉಂಡ. ಎರಡನೆಯ ಸಲವೂ ಉಂಡ. ಮೂರನೆಯ ಸಲ ನನ್ನ ಹೆಂಡತಿ ಪಾತ್ರೆ ತಂದಾಗ ಎರಡೂ ಕೈಯನ್ನು ತಾಟಿಗೆ ಅಡ್ಡ ಹಿಡಿದ.

"ಸಾಕ್ರಿ ಅಕ್ಕಾರ. ಖರೇನ ಸಾಕ್ರಿ."

ನಮ್ಮ ಕಡೆ ಸಾಕು ಎಂದರೆ ಯಾರು ನಂಬುತ್ತಾರೆ? ಅತಿಥಿ ಸಾಕು ಅನ್ನಬೇಕು, ಬಡಿಸುವವರು ಬಡಿಸಬೇಕು. ಮೂರು ಸಲ ಬೇಡವೆಂದ ಮೇಲೂ ಬಡಿಸದಿದ್ದರೆ ಬಡಿಸುವವರಿಗೇ ಕೆಟ್ಟ ಹೆಸರು. ಮೊದಲ ಸಲಕ್ಕೇ ನಿಲ್ಲಿಸಿದ ಮನೆಯ ಬಗ್ಗೆ ಹೊರಗೆ ಹೋಗಿ ಏನೆಲ್ಲ ಆಡಿಕೊಳ್ಳುತ್ತೇವೆಂದು ನನಗೂ ಗೊತ್ತು, ನಾನೂ ಆಡಿಕೊಂಡಿದ್ದೇನೆ. ಅದಕ್ಕೇ ನಾನೂ ಅಂದೆ, "ಕೈ ತಗೀ. ಕಬಡ್ಡಿ ಆಡಾಂವಾ ನೀನು, ಇಷ್ಟಕ್ಕ ಸುಸ್ತಾದ್ರ ಹೆಂಗ?" ಅವನು ಕೈ ತೆಗೆಯಲಿಲ್ಲ. ನನ್ನ ಹೆಂಡತಿ ನಗುತ್ತ ಅವನ ಕೈಗಳ ಮೇಲೆಯೇ ಒಂದು ದೊಡ್ಡ ಚಮಚೆ ಮಾದಲಿ ಸುರಿದಳು. ಅಂಗೈಯ ಹಿಂಭಾಗದ ಮೇಲೆ, ಬೆರಳ ಸಂದಿಯಲ್ಲಿ, ಸಿಹಿ ಪುಡಿ. ಎಲ್ಲರೂ ನಕ್ಕೆವು. ಅವನೂ ನಕ್ಕ. ಕೈ ಕೊಡವಿದರೆ ಅನ್ನಕ್ಕೆ ಅವಮಾನ, ಹಾಗಾಗಿ ನಿಧಾನವಾಗಿ ಕೈ ತಿರುಗಿಸಿ ತಾಟಿಗೆ ಇಳಿಸಿಕೊಂಡ. ಉಂಡ. ತಾಟಿನಲ್ಲಿ ಒಂದು ಕಾಳು ಬಿಡಲಿಲ್ಲ.

ನನ್ನ ಹೆಂಡತಿ ಇದನ್ನು ಬೇರೆ ರೀತಿ ಹೇಳುತ್ತಾಳೆ. ಸುರಿದದ್ದು ನಾನಂತೆ, ಅವಳು ಪಾತ್ರೆ ಹಿಡಿದು ನಿಂತಿದ್ದಳಂತೆ.

ಹೀಗೆ ಆರೇಳು ವಾರ. ಶುಕ್ರವಾರ ಚಾಚಾರ ಮನೆಯಲ್ಲಿ ಮಟನ್, ಜೋಳದ ರೊಟ್ಟಿ, ಮೇಲೆ ಅನ್ನ. ಚಾಚಾರ ಮನೆಯವರು ಮೂಳೆಯ ಒಳಗಿನ ಮಜ್ಜೆಯನ್ನು ಅವನಿಗೆಂದೇ ತೆಗೆದಿಡುತ್ತಿದ್ದರಂತೆ. ರವಿವಾರ ಟಿಕೋಟಾದಲ್ಲಿ ಏನೇನು ಆಗುತ್ತಿತ್ತೋ ನಾನು ನೋಡಿದ್ದು ಒಂದೇ ಸಲ. ಊಟ ಮುಗಿದ ಮೇಲೆ ಸಾವಕಾರರು ಅವನನ್ನು ಒಣದ್ರಾಕ್ಷಿಯ ಪೆಟ್ಟಿಗೆ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಕೆಲಸದ ಹೆಂಗಸರು ದ್ರಾಕ್ಷಿ ಆರಿಸುವುದನ್ನು ಬಿಟ್ಟು ನೋಡಲು ಬಂದರು. ಅಂಕಿ ಓಡಿ, ನಿಂತು, ಮತ್ತೆ ಒಂಚೂರು ಓಡಿ ನಿಂತಿತು. "ಏರಿತಲೇ!" ಎಂದು ಸಾವಕಾರರು ಚಪ್ಪಾಳೆ ಹೊಡೆದರು. "ಚಪ್ಪಲಿ ತಗದು ನಿಲ್ಲಿಸ್ರಿ ಸಾವಕಾರ್ರ, ಮೋಸ ಆಗ್ತೈತಿ," ಎಂದಳು ಒಬ್ಬ ಮುದುಕಿ. ಚಪ್ಪಲಿ ತೆಗೆಸಿದರು. ಆಗಲೂ ಏರಿಯೇ ಇತ್ತು. ನಾನೂ ಚಪ್ಪಾಳೆ ಹೊಡೆದೆ. ಕಾಟಾದ ಮೇಲೆ ನಿಂತಾಗ ಅವನ ಮುಖ ಹೇಗಿತ್ತು? ನಾನು ಅಂಕಿ ನೋಡುತ್ತಿದ್ದೆ.

ನಮ್ಮ ಯಾದಿಯಲ್ಲಿ ಅವನು ಮೇಲೇರುತ್ತ ಬಂದ. ಅವನ ಆಟ ನೋಡಿ ನಾವು ಏರಿಸಲಿಲ್ಲ. ನೋಡಲಿಕ್ಕೆ ಆಟವೇ ಇರಲಿಲ್ಲ, ಪರೀಕ್ಷೆಯ ಕಾಲ. ಕಾಟಾದ ಅಂಕಿ ನೋಡಿ ಏರಿಸಿದೆವು. ಕೊಲ್ಲಾಪುರದವನು ಕೆಳಗಿಳಿದ. ಚಾಚಾ ಅವನ ಹೆಸರನ್ನು ತಾವೇ ಒರಸಿ ಕೆಳಗೆ ಬರೆದರು. "ತಗೋರಿ ಸಾವಕಾರ್ರ, ನಿಮ್ಮ ಮಗಾ ಗೆದ್ದ," ಎಂದರು. ಸೋತವರ ದನಿಯಲ್ಲಿ ಅಷ್ಟು ಸಂತೋಷ ನಾನು ಕೇಳಿರಲಿಲ್ಲ.

ಟ್ರಯಲ್ಸ್‌ಗೆ ಸ್ವಲ್ಪ ಮುಂಚೆ ಬಬಲೇಶ್ವರದಲ್ಲಿ ಮಣ್ಣಿನ ಅಂಗಳದ ಪಂದ್ಯ. ಇಲ್ಲಿ ಒಂದು ಜಾಗ ನನ್ನ ನೆನಪಿನಲ್ಲಿ ತುಂಡಾಗಿದೆ. ಬಿಸಿಲಿತ್ತು. ಅಂಗಳಕ್ಕೆ ನೀರು ಹೊಡೆದು ಕೆಂಪು ಮಣ್ಣು ಹದ ಮಾಡಿದ್ದರು. ಇಲ್ಲ, ನಮ್ಮ ಕಡೆ ಕೆಂಪು ಮಣ್ಣೆಲ್ಲಿ? ತಂದು ಹಾಕಿದ್ದರೋ ಏನೋ. ಸಾರವಾಡದವನು ರೇಡಿಗೆ ಹೋದ. ಮೂವರು ಕೈ ಜೋಡಿಸಿದರು. ಅವನು ಕುಸಿದ. ನಾವು ಎದ್ದು ನಿಂತೆವು, ಸಾವಕಾರರು ಆಗಲೇ ಶಿಳ್ಳೆ ಹಾಕಿದ್ದರು. ಅವನು ನುಸುಳಿದ, ತಲೆ ಆಚೆ ಬಂತು, ಭುಜ ಬಂತು. ಎದೆ ನೆಲಕ್ಕೆ ತಾಗಿತು. ಅಷ್ಟೇ. ಒಂದು ಗೇಣಿದ್ದ ಜಾಗದಲ್ಲಿ ಈಗ ಏನೂ ಇರಲಿಲ್ಲ. ಮೂವರೂ ಅವನ ಬೆನ್ನ ಮೇಲೆ ಬಿದ್ದರು.

ಒಮ್ಮೆಯೋ, ಎರಡು ಸಲವೋ? ನಾನು ಎರಡು ಸಲ ಎನ್ನುತ್ತೇನೆ. ಮಾಸ್ತರರು ನಾಲ್ಕು ಸಲ ಎನ್ನುತ್ತಾರೆ. ಸಾವಕಾರರ ಪ್ರಕಾರ ಒಂದೇ ಸಲ, ಅದೂ ಕಾಲು ಜಾರಿ. ಅಂದು ಅವರ ಮೊಬೈಲಿನಲ್ಲಿ ತೆಗೆದ ವಿಡಿಯೊ ಈಗ ಇಲ್ಲ.

ಪಂದ್ಯ ಮುಗಿದ ಮೇಲೆ ಮಾಸ್ತರರು ನಮ್ಮ ಹತ್ತಿರ ಬಂದರು. ಕೂಗಲಿಲ್ಲ. "ನೆಲ ಎಷ್ಟು ದೂರ ಐತಿ ಅನ್ನೂದು ಅವನ ಮೈಗೆ ಗೊತ್ತಿತ್ರಿ," ಎಂದರು. "ಹೈಸ್ಕೂಲಿನಿಂದ ಕಲಿಸಿದ್ದು ಅದೊಂದ. ಈಗ ಮೈ ಬ್ಯಾರೆ ಆಗೈತಿ, ಅವಂಗ ಗೊತ್ತಿಲ್ಲ."

"ಪುಣೇದಾಗ ಚಾಪಿ ಇರ್ತೈತ್ರಿ ಮಾಸ್ತರ್ರ, ಮಣ್ಣಲ್ಲ," ಎಂದರು ಸಾವಕಾರರು.

"ಚಾಪಿ ಏನ್ ಕೆಳಗ ಸರೀತೈತೇನ್ರಿ?"

ಆಗ ಸಾರವಾಡದವನು ಬಂದ. ಮೈತುಂಬ ಮಣ್ಣು. ಮಾಸ್ತರರಿಗೆ ನಮಸ್ಕಾರ ಮಾಡಿದ. "ಇವತ್ತ ಯಾಕೋ ಆಗ್ಲಿಲ್ರಿ," ಎಂದ. ನಮ್ಮ ಕಡೆಗೆ ತಿರುಗಿ, "ನಾಳೆ ಮಂಗಳವಾರ್ರಿ ಸರ್. ಬರೂದಾ ಹೆಂಗ?" ಎಂದು ಕೇಳಿದ.

ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬೇಡ ಎನ್ನಲಿ ಎಂದು ಕೇಳಿದನೇ? ಅಥವಾ ಸೋತ ದಿನವೂ ಹಿರಿಯರ ಕರೆ ತಪ್ಪಿಸಬಾರದು ಎಂಬ ಮರ್ಯಾದೆಯೇ? ನಾನು "ಬಾರಪ್ಪಾ, ಅದಕ್ಯಾಕ ಕೇಳ್ತಿ," ಎಂದೆ. ಮಾಸ್ತರರು ನನ್ನ ಮುಖ ನೋಡಿದರು. ಅವನು ಬಂದ, ಉಂಡ. ಆ ಮಂಗಳವಾರ ತಾಟಿಗೆ ಕೈ ಅಡ್ಡ ಹಿಡಿಯಲಿಲ್ಲ. ಅದು ಮಾತ್ರ ನನ್ನ ಹೆಂಡತಿಗೂ ನನಗೂ ಒಂದೇ ರೀತಿ ನೆನಪಿದೆ.

ಪುಣೆಗೆ ಹೋಗುವ ಎರಡು ದಿನ ಮುಂಚೆ ಅವನು ಚಾಚಾರ ಅಂಗಡಿಗೆ ಜರ್ಸಿ, ಚಡ್ಡಿ ಎರಡೂ ತಂದಿದ್ದ. ಬಗಲು, ತೊಡೆ ಬಿಗಿಯಾಗುತ್ತಿದೆ, ಸ್ವಲ್ಪ ಸಡಿಲ ಮಾಡಿಕೊಡಿ ಎಂದು. ಚಾಚಾ ತಾವೇ ಹಾಕಿದ ಮೂರು ಸಾಲು ಹೊಲಿಗೆಯನ್ನು ತಾವೇ ಬಿಚ್ಚಿದರು. ಅಳತೆ ಟೇಪು ಹಿಡಿದರು, ಪುಸ್ತಕದಲ್ಲಿ ಬರೆದುಕೊಂಡರು, ಹೊಲಿದು ಕೊಟ್ಟರು. ಅಂದು ಸಂಜೆ ನಾವು ಅಲ್ಲಿಯೇ ಕೂತು ಯಾದಿ ಬರೆದೆವು, ಸಾರವಾಡದವನನ್ನು ಎರಡನೆಯವನು ಮಾಡಿದೆವು. ಚಾಚಾ ಜರ್ಸಿಯ ವಿಷಯ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಎಷ್ಟೋ ದಿನದ ಮೇಲೆ ಕೇಳಿದೆ. "ಹೇಳಿದ್ರ ನೀವು ಖುಷಿ ಪಡ್ತಿದ್ರಿ," ಎಂದರು.

ಪುಣೆಯಿಂದ ಬಂದವನನ್ನು ಕೇಳಿದಾಗ "ಬರೋಬ್ಬರಿ ಆತ್ರಿ, ಫೋನ್ ಮಾಡ್ತೀವಿ ಅಂದಾರ" ಎಂದ. ಎಷ್ಟು ರೇಡ್ ಮಾಡಿದೆ, ಡುಬ್ಕಿ ಆಯಿತೇ, ಯಾರು ಹಿಡಿದರು? ಸಾವಕಾರರು ಒಂದರ ಮೇಲೊಂದು ಕೇಳಿದರು. ಎಲ್ಲದಕ್ಕೂ "ಬರೋಬ್ಬರಿ ಆತ್ರಿ." ತೂಗಿದರೇನಲೇ? "ತೂಗ್ಯಾರ್ರಿ." ಏನಂದ್ರು? "ಬರಕೊಂಡ್ರು."

ಆಯ್ಕೆಯ ದಿನ ಟಿವಿಯಲ್ಲಿ ದೊಡ್ಡ ಆಟಗಾರರದಷ್ಟೇ ಬಂತು. ಹೊಸಬರ ಯಾದಿ ಸಂಜೆ ಮೊಬೈಲಿಗೆ ಬಂತು. ಸಾವಕಾರರು ಹೆಬ್ಬೆರಳಿನಿಂದ ಮೇಲೆ ಸರಿಸುತ್ತ ಹೋದರು, ನಾವು ಅವರ ಭುಜದ ಮೇಲಿನಿಂದ ಬಾಗಿ ನೋಡಿದೆವು. ಕೊಲ್ಲಾಪುರದವನಿದ್ದ. ಹರಿಯಾಣದವನಿದ್ದ. ಯಾದಿ ಮುಗಿಯಿತು. ಸಾವಕಾರರು ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಸರಿಸಿದರು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟು "ಇಂಗ್ಲಿಷ್‌ನ್ಯಾಗ ಬ್ಯಾರೆ ಸ್ಪೆಲ್ಲಿಂಗ್ ಹಾಕಿರಬೇಕು, ನೀವು ಓದಿದವ್ರು ನೋಡ್ರಿ ಸರ್ರ" ಎಂದರು. ನಾನು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದೆ. ಚಾಚಾ ಮಷೀನು ತುಳಿಯತೊಡಗಿದರು. ಕೊನೆಯ ಹೆಸರು ಓದುವವರೆಗೂ ನಿಲ್ಲಿಸಲಿಲ್ಲ.

ಆ ಸಂಜೆ ಅವನು ಅಂಗಡಿಗೆ ಬಂದನೋ ಇಲ್ಲವೋ ಎಂಬುದರಲ್ಲೂ ನಮ್ಮಲ್ಲಿ ಒಮ್ಮತವಿಲ್ಲ.

ಎಷ್ಟೋ ತಿಂಗಳ ಮೇಲೆ ಚಾಚಾರನ್ನು ಕಾಡಿ ಅಳತೆ ಪುಸ್ತಕ ತೆರೆಸಿದೆ. ಅವನ ಅಳತೆ ಎರಡು ಕಡೆ ಇತ್ತು. ಮೊದಲನೆಯದು ನಮ್ಮ ಊಟ ಶುರುವಾಗುವ ಮುಂಚಿನದು, ಆಮೇಲೆ ಎಷ್ಟೋ ಪುಟ ಶಾಲೆ ಮಕ್ಕಳ ಯೂನಿಫಾರ್ಮು, ಆಮೇಲೆ ಎರಡನೆಯದು. ಎದೆ ಹೆಚ್ಚಿತ್ತು, ತೊಡೆ ಹೆಚ್ಚಿತ್ತು. ಸೊಂಟ ಮಾತ್ರ ಇದ್ದಷ್ಟೇ ಇತ್ತು. ಲೆಕ್ಕ ಹೇಳುವವನು ನಾನು, ಅಂಕಿ ಸಿಕ್ಕರೆ ಉತ್ತರ ಸಿಗುತ್ತದೆ ಎಂದು ನಂಬಿದವನು. ನಮ್ಮ ಮಾದಲಿ, ಮಟನ್, ದ್ರಾಕ್ಷಿಯ ಕೊಬ್ಬಾಗಿದ್ದರೆ ಸೊಂಟ ಯಾಕೆ ಏರಲಿಲ್ಲ? ಏರಿಸಿದ್ದು ಮಾಸ್ತರರ ದಂಡ ಬೈಠಕ್‌ಗಳೇ? ಇದನ್ನು ಬಬಲೇಶ್ವರಕ್ಕೆ ಹೋಗಿ ಮಾಸ್ತರರಿಗೆ ಹೇಳಿದೆ. ಹೇಳಬಾರದಿತ್ತು. ಅವರು ಎದ್ದು ನಿಂತು, "ಚಾ ಕುಡೀತೀರೇನು?" ಎಂದರು. ಅಂದಿನಿಂದಲೇ ಅವರು ಆ ಮೊದಲ ದಿನ ಅಂಗಡಿಯಲ್ಲಿ ಇರಲಿಲ್ಲ ಎಂದು ಆಣೆ ಮಾಡಲು ಶುರುಮಾಡಿದ್ದು.

ಸಾರವಾಡದವನು ಈಗಲೂ ಆಡುತ್ತಾನೆ. ಊರಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ, ಪಂದ್ಯಗಳಿದ್ದಾಗ ಮಣ್ಣಿನ ಅಂಗಳಕ್ಕೆ ಇಳಿಯುತ್ತಾನೆ. ರೇಡಿಗೆ ಹೋಗುವುದಿಲ್ಲ. ಮೂಲೆಯಲ್ಲಿ ನಿಂತು ಬಂದವರನ್ನು ಹಿಡಿಯುತ್ತಾನೆ. ಚೆನ್ನಾಗಿ ಹಿಡಿಯುತ್ತಾನೆ ಎನ್ನುತ್ತಾರೆ. ನಾನು ನೋಡಲು ಹೋಗಿಲ್ಲ.

ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಸಿಕ್ಕು, "ಒಮ್ಮೆರೆ ನಮ್ಮ ಮನಿಗೆ ಬರ್ರಿ ಸರ್, ಎಷ್ಟ ಸಲ ಕರೀಬೇಕು," ಎಂದ. ಸಾರವಾಡಕ್ಕೆ ಹೋದೆ. ಅಂದು ಕೇಳಿಯೇಬಿಡಬೇಕು ಎಂದುಕೊಂಡು ಹೋದದ್ದು. ನಮ್ಮ ಊಟ ನಿನಗೆ ಬೇಡವಾಗಿತ್ತೇ? ಪುಣೆಯಲ್ಲಿ ನಿಜವಾಗಿ ಏನಾಯಿತು? ಅವನ ಅವ್ವ ಊಟಕ್ಕೆ ಕೂರಿಸಿದರು. ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು, ಆಮೇಲೆ ಶೇಂಗಾ ಹೋಳಿಗೆ. ಎರಡು ಹೋಳಿಗೆ ಉಂಡೆ. ಅವರು ಮೂರನೆಯದನ್ನು ತಂದರು.

"ಸಾಕ್ರಿ ಯವ್ವಾ," ಎಂದೆ.

"ಏ, ಪಟ್ಟಣದವ್ರ ಉಣ್ಣೂದು ಇಷ್ಟನ? ಹಾಕ್ಕೋರಿ ಸುಮ್ಕ," ಎಂದು ಅವರು ಬಾಗಿದರು.

ಅವನು ನನ್ನ ಪಕ್ಕದಲ್ಲಿ ಉಣ್ಣುತ್ತಿದ್ದ. ತಲೆ ಎತ್ತಲಿಲ್ಲ. ಎಡಗೈ ಚಾಚಿ ನನ್ನ ತಾಟಿನ ಮೇಲೆ ಅಡ್ಡ ಹಿಡಿದ. ದೊಡ್ಡ ಕೈ, ತಾಟು ಅರ್ಧ ಮುಚ್ಚಿತು.

"ಸಾಕು ಅಂದಾರಲ್ಲ ಬೇ. ಬಿಡು."

"ಹಂಗ ಅಂತಾರೋ ಎಲ್ಲಾರೂ—"

"ಅವರು ಅಂದಾರ. ಬಿಡು."

ಅವ್ವ ನನ್ನನ್ನೂ ಅವನನ್ನೂ ನೋಡಿ, ಹೋಳಿಗೆಯನ್ನು ತಿರುಗಿ ಬುಟ್ಟಿಯಲ್ಲಿಟ್ಟರು. ಅವರಿಗೆ ಕೆಡುಕೆನಿಸಿದ್ದು ಕಾಣುತ್ತಿತ್ತು. ಅವನು ಕೈ ತೆಗೆದು ಮೊಸರು ಕಲಸಿಕೊಂಡ. "ಟಿಕೋಟಾ ಕಡೆ ಮಳಿ ಆತೇನ್ರಿ ಸರ್?" ಎಂದು ಕೇಳಿದ. ಸ್ವಲ್ಪ ಆಗಿದೆ ಎಂದೆ. ಕೇಳಬೇಕೆಂದು ತಂದ ಎರಡು ಪ್ರಶ್ನೆಗಳನ್ನೂ ಹಾಗೇ ಹೊತ್ತುಕೊಂಡು ಬಸ್ಸು ಹತ್ತಿದೆ.

ಆ ಕೈ ನನ್ನನ್ನು ಉಳಿಸಲು ಬಂದದ್ದೋ, ನನಗೆ ಏನನ್ನೋ ತೋರಿಸಲು ಬಂದದ್ದೋ, ಅಥವಾ ಅವನು ಈಗ ಎಲ್ಲರ ತಾಟಿಗೂ ಹೀಗೇ ಕೈ ಹಿಡಿಯುತ್ತಾನೋ, ನನಗೆ ಗೊತ್ತಿಲ್ಲ. ಪುಣೆಯಲ್ಲಿ ಅವನನ್ನು ಬಿಟ್ಟದ್ದು ತೂಕಕ್ಕೋ ಬೇರೆ ಯಾವುದಕ್ಕೋ ಗೊತ್ತಿಲ್ಲ. ಹಗುರನಾಗಿಯೇ ಹೋಗಿದ್ದರೆ ಆರಿಸುತ್ತಿದ್ದರೇ, ಅದೂ ಗೊತ್ತಿಲ್ಲ. ಅವನು ಹಗುರ ಎಂದು ಮೊದಲು ಅಂದವರು ಯಾರೆಂದು ಚಾಚಾರನ್ನು ಮತ್ತೆ ಕೇಳಿದೆ. ನೀವೇ ಇರಬೇಕು ಎಂದರು. ಮರುದಿನ ಚಾಚಾರೇ, ಇಲ್ಲ, ನಾನೇ ಇರಬೇಕು ಎಂದರು.